ಚಾರಿತ್ರಿಕ ರೂಪಕಗಳಲ್ಲಿ ಪಾತ್ರಹಾನಿ

ಗುಬ್ಬಿ ತಾಲ್ಲೂಕಿನ ಸಿ. ಎಸ್. ಪುರವೇ ಮೊದಲಾದ ಊರುಗಳ ಸೀಮೆಯಲ್ಲಿ ಊರವರೇ ಕೂಡಿ ‘ಕುರುಕ್ಷೇತ್ರ’ ನಾಟಕವನ್ನು ಆಡುವುದು ಇಂದಿಗೂ ಉಳಿದುಬಂದಿರುವ ರೂಢಿ. ಹಾರ್ಮೋನಿಯಂ ಮೇಷ್ಟರು ಬಹುದಿನ ಪದ್ಯಗಳನ್ನೂ ಮಾತುಗಳನ್ನೂ ಕಲಿಸುತ್ತಾರೆ. ಹೊಲ ತೋಟಗಳ ಕೆಲಸ ಮುಗಿಸಿ ಬಂದವರು ರಾತ್ರಿಯಲ್ಲಿ ಅಭ್ಯಾಸಕ್ಕೆ ಕೂಡುತ್ತಾರೆ. ಆ ನಾಟಕದಲ್ಲಿ ದುರ್ಯೋಧನನ ಪಾತ್ರವೆಂದರೆ ಒಳ್ಳೆಯ ಕಂಠವೂ ನಿಲುವೂ ಉಳ್ಳವನೇ ಬೇಕು. ಪಾಂಡವರ ಪಕ್ಷದಲ್ಲಿ ಮನಸ್ಸಿಟ್ಟು ಕುಳಿತ ಸಭೆಯೂ ಅವನ ಛಲಕ್ಕೆ ತಲೆದೂಗುತ್ತದೆ. ಸೋಲುವವನು ದೊಡ್ಡವನಲ್ಲದಿದ್ದರೆ ಗೆಲ್ಲುವವನೂ ದೊಡ್ಡವನಾಗಲಾರನೆಂಬ ತತ್ತ್ವವು ಅಲಂಕಾರಶಾಸ್ತ್ರವನ್ನು ಓದದ ಆ ಸಭೆಗೆ ಚೆನ್ನಾಗಿ ತಿಳಿದಿದೆ. ಹೀಗಿರುವ ನಾಡಿನಲ್ಲಿ, ಚರಿತ್ರೆಯಿಂದ ವಸ್ತುವನ್ನು ತೆಗೆದುಕೊಂಡ ನಾಟಕ, ಚಲನಚಿತ್ರ, ದೂರದರ್ಶನ ಧಾರಾವಾಹಿಗಳಲ್ಲಿ ಸತ್ತ್ವಶಾಲಿಗಳಾದ ವ್ಯಕ್ತಿಗಳು ಬರವಣಿಗೆಯ ದೌರ್ಬಲ್ಯದಿಂದ ಬಡವಾಗುವುದೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪಾತ್ರಹಾನಿಯೆಂದರೆ ಚರಿತ್ರೆಯಿಂದ ಕದಲುವುದೆಂದು ಭಾವಿಸಬಾರದು. ಧನಂಜಯನ ದಶರೂಪಕವು ವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರು ಬಗೆಯಾಗಿ ವಿಂಗಡಿಸಿ, ಪ್ರಖ್ಯಾತವಸ್ತುವಿನಲ್ಲಿ ನಾಯಕನಿಗಾಗಲಿ ರಸಕ್ಕಾಗಲಿ ವಿರುದ್ಧವಾದುದನ್ನು ಬಿಟ್ಟುಬಿಡಬಹುದು, ಇಲ್ಲವೆ ಬೇರೆ ರೀತಿಯಲ್ಲಿ ಕಲ್ಪಿಸಬಹುದು ಎಂದು ವಿಧಿಸಿದೆ. ವಾಲಿಯನ್ನು ಮರೆಯಿಂದ ಕೊಂದ ಸಂಗತಿಯನ್ನು ಮಾಯುರಾಜನು ತನ್ನ ಉದಾತ್ತರಾಘವದಲ್ಲಿ ಕೈಬಿಟ್ಟುದನ್ನು ವ್ಯಾಖ್ಯಾನಕಾರನಾದ ಧನಿಕನು ಇದಕ್ಕೆ ಉದಾಹರಿಸುತ್ತಾನೆ. ಕಾಳಿದಾಸನು ದೂರ್ವಾಸನ ಶಾಪವನ್ನು ತಂದು ದುಷ್ಯಂತನ ಮರೆವಿಗೆ ಕಾರಣವನ್ನು ಕಲ್ಪಿಸಿದುದು ಎಲ್ಲರೂ ಬಲ್ಲ ಸಂಗತಿ. ಆದರೆ ಕಾಳಿದಾಸನು ದುಷ್ಯಂತನ ದೋಷವನ್ನು ತೆಗೆದು ಅಲ್ಲಿಗೇ ನಿಲ್ಲಲಿಲ್ಲ. ಆ ಸ್ಥಳದಲ್ಲಿ ಪಶ್ಚಾತ್ತಾಪವೆಂಬ ಹೊಸ ಭಾರವನ್ನು ಹೊರಿಸಿದನು. ರಾಜನು ನಿರ್ದೋಷಿಯಾದುದರಿಂದ ಅವನ ದುಃಖವು ಕಡಮೆಯಾಗಲಿಲ್ಲ, ಹೆಚ್ಚಾಯಿತು. ಶಾಸ್ತ್ರವು ಕೊಟ್ಟ ಸ್ವಾತಂತ್ರ್ಯದ ನಿಜವಾದ ಪ್ರಯೋಜನವು ಇದು. ದೋಷವನ್ನು ತೆಗೆದು, ಬದಲಿಗೆ ಏನನ್ನೂ ಇಡದೆ ಹೋದರೆ ಪಾತ್ರವು ಶುದ್ಧವಾಗುವುದಿಲ್ಲ, ಬರಿದಾಗುತ್ತದೆ.

ಚರಿತ್ರೆಯಲ್ಲಿ ಹೆಸರುಳಿಸಿದ ವ್ಯಕ್ತಿಗಳನ್ನು ಪರಿಶೀಲಿಸಿದರೆ ಅವರಲ್ಲಿ ಬಹುಮಂದಿಯ ಬಾಳಿನಲ್ಲಿ ಒಂದು ಗಂಟು ಕಂಡುಬರುತ್ತದೆ. ಎರಡು ಕರ್ತವ್ಯಗಳು ಏಕಕಾಲದಲ್ಲಿ ಎದುರಾಗುತ್ತವೆ, ಎರಡೂ ನ್ಯಾಯವಾದುವು, ಒಂದನ್ನು ಹಿಡಿದರೆ ಮತ್ತೊಂದು ಕೈತಪ್ಪುತ್ತದೆ. ಆ ಗಂಟಿನೊಡನೆ ವ್ಯಕ್ತಿಯು ಹೆಣಗಾಡುವುದರಲ್ಲಿಯೇ ಅವನ ಶಕ್ತಿಯು ಪ್ರಕಟವಾಗುವುದು. ಸಮರ್ಥನಾದ ಲೇಖಕನು ಇದನ್ನು ಅಂಕದಿಂದ ಅಂಕಕ್ಕೆ ಬಿಗಿಗೊಳಿಸುತ್ತಾನೆ. ದುರ್ಬಲನಾದ ಲೇಖಕನು ಪರದೆ ಏಳುವ ಮೊದಲೇ ಅದನ್ನು ಕತ್ತರಿಸಿಬಿಡುತ್ತಾನೆ. ನಾಯಕನಿಗೆ ಸಂಶಯವಿಲ್ಲದಂತೆಯೂ ಪ್ರತಿನಾಯಕನಿಗೆ ಕಾರಣವಿಲ್ಲದಂತೆಯೂ ಮಾಡಿ, ಬರಿದಾದ ಸ್ಥಳವನ್ನು ಆರ್ಭಟದ ಮಾತುಗಳಿಂದ ತುಂಬುತ್ತಾನೆ. ಪ್ರಾಚೀನ ಕನ್ನಡಕ್ಕೆ ಈ ರೋಗವು ತಟ್ಟಿರಲಿಲ್ಲ. ರನ್ನನ ದುರ್ಯೋಧನನೂ ನಾಗಚಂದ್ರನ ರಾವಣನೂ ಪ್ರತಿನಾಯಕರಾಗಿದ್ದೂ ಗೌರವವನ್ನು ಕಳೆದುಕೊಂಡವರಲ್ಲ. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಗದಾಯುದ್ಧವನ್ನು ನಾಟಕವಾಗಿ ಅಳವಡಿಸಿದುದು ಈ ಪರಂಪರೆಯು ಹೊಸಗನ್ನಡದ ರಂಗಭೂಮಿಗೂ ಸಲ್ಲತಕ್ಕದ್ದೆಂದು ತೋರಿಸಿತು.

ಹೀಗಾದ ಮೇಲೆ ಆರ್ಭಟದ ಬರವಣಿಗೆಯು ಎಲ್ಲಿಂದ ಬಂದಿತೆಂಬುದನ್ನು ನೋಡಬೇಕು. ಇದರ ಅಪವಾದವನ್ನು ಸಾಮಾನ್ಯವಾಗಿ ವೃತ್ತಿನಾಟಕ ಮಂಡಳಿಗಳ ಮೇಲೆ ಹೊರಿಸುವುದುಂಟು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಈ ಮಂಡಳಿಗಳಲ್ಲಿ ಅಗ್ರಗಣ್ಯವಾದುದು. ಗುಬ್ಬಿ ವೀರಣ್ಣನವರ ಕಾಲದಲ್ಲಿ, 1934ರ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳು ರಂಗದ ಮೇಲೆ ಬಂದುವು. ಧ್ವನಿವರ್ಧಕಗಳ ಅನುಕೂಲವಿಲ್ಲದ ಕಾಲದಲ್ಲಿ, ತುಂಬಿದ ಸಭೆಯ ಕಟ್ಟಕಡೆಯ ಸಾಲಿಗೂ ಮಾತು ಮುಟ್ಟಬೇಕಾಗಿತ್ತು; ಮಾತಿನ ಕೊನೆಯನ್ನು ಎತ್ತಿ ನಿಲ್ಲಿಸಬೇಕಾಗಿತ್ತು; ಚಪ್ಪಾಳೆಗೂ ‘ಒನ್ಸ್ ಮೋರ್’ ಎಂಬ ಕೂಗಿಗೂ ಎಡೆಗೊಡಬೇಕಾಗಿತ್ತು. ಆ ಎತ್ತರದ ಧ್ವನಿಗೆ ಹೀಗೆ ಪ್ರಯೋಜನವಿದ್ದಿತು. ಮೇಲಾಗಿ ಅಲ್ಲಿ ಸಂಗೀತವಿದ್ದಿತು. ಪಾತ್ರದ ಒಳದುಃಖವನ್ನು ಗದ್ಯವು ಹೇಳದೆ ಬಿಟ್ಟರೂ ಕಂದವೋ ವೃತ್ತವೋ ರಾಗದಲ್ಲಿ ಹೇಳುತ್ತಿದ್ದಿತು. ಆರ್ಭಟವೂ ಆಲಾಪವೂ ಒಂದನ್ನೊಂದು ತೂಗಿ ನಿಲ್ಲುತ್ತಿದ್ದುವು. ಚಲನಚಿತ್ರವೂ ಅನಂತರ ದೂರದರ್ಶನವೂ ಈ ಸಂಪತ್ತಿಗೆ ಬಾಧ್ಯಸ್ಥವಾದಾಗ ಆರ್ಭಟವನ್ನು ಉಳಿಸಿಕೊಂಡು ಅದನ್ನು ತೂಗುತ್ತಿದ್ದ ಪದ್ಯವನ್ನು ಕೈಬಿಟ್ಟುವು. ಮುಖದ ಒಂದು ನರವು ಅದುರಿದರೂ ಹಿಡಿಯಬಲ್ಲ ಯಂತ್ರದ ಮುಂದೆ, ಕಡೆಯ ಸಾಲಿಗೆಂದು ಬರೆದ ಮಾತನ್ನೇ ಆಡಿಸಿದರು. ದೋಷವು ಮಂಡಳಿಗಳದಲ್ಲ, ಅವುಗಳ ವಾರಸುದಾರರದು.

ಒಂದೇ ವಸ್ತುವನ್ನು ಎರಡು ಕೈಗಳು ಬಳಸಿದ ರೀತಿಯನ್ನು ಹೋಲಿಸಿದರೆ ವಿಷಯವು ಸ್ಪಷ್ಟವಾಗುವುದು. ಮೈಸೂರಿನ ಇಮ್ಮಡಿ ರಾಜ ಒಡೆಯನು ಪಟ್ಟಕ್ಕೆ ಬಂದ ಸ್ವಲ್ಪ ಕಾಲದಲ್ಲಿಯೇ ದಳವಾಯಿ ವಿಕ್ರಮರಾಯನ ಕೈವಾಡದಿಂದ ವಿಷಪ್ರಯೋಗಕ್ಕೆ ಗುರಿಯಾದನೆಂದೂ, 1638ರಲ್ಲಿ ಸಿಂಹಾಸನವನ್ನೇರಿದ ಕಂಠೀರವ ನರಸರಾಜ ಒಡೆಯನು ಆ ದಳವಾಯಿಯನ್ನು ಕೊಲ್ಲಿಸಿದನೆಂದೂ ಪ್ರತೀತಿ. ಸಂಸರು (1898–1939) ಈ ವಸ್ತುವಿನ ಮೇಲೆ ಬರೆದ ನಾಟಕಕ್ಕೆ ರಾಜನ ಹೆಸರನ್ನಿಡದೆ ‘ವಿಗಡ ವಿಕ್ರಮರಾಯ’ ಎಂದು ದ್ರೋಹಿಯ ಹೆಸರನ್ನಿಟ್ಟರು. ಈ ನಾಮಕರಣವೇ ಒಂದು ವಿಮರ್ಶೆ. ರಾಜನನ್ನು ಮಾಡಬಲ್ಲವನೂ ಅಳಿಸಬಲ್ಲವನೂ ಆದ ದಳವಾಯಿಯು ತಾನೇ ಕರೆದು ತಂದ ಅರಸನ ಎದುರಿನಲ್ಲಿ ಯಾವಾಗ ಅಂಜತೊಡಗುತ್ತಾನೆ, ಅಧಿಕಾರದ ಅಭ್ಯಾಸವು ಮನುಷ್ಯನ ವಿವೇಕವನ್ನು ಹೇಗೆ ತಿನ್ನುತ್ತದೆ ಎಂಬುದೇ ಅಲ್ಲಿನ ಕುತೂಹಲ. ವಿಕ್ರಮರಾಯನು ಅಲ್ಪನಾಗಿದ್ದರೆ ಕಂಠೀರವನು ಕಾದು ಕುಳಿತ ತಾಳ್ಮೆಗೆ ಬೆಲೆಯೇ ಇರುತ್ತಿರಲಿಲ್ಲ. ಹಳೆಯ ಕಾಲದ ಸೊಗಡುಳ್ಳ ಆ ಭಾಷೆಯೂ ಅಲಂಕಾರಕ್ಕಾಗಿ ಬಂದುದಲ್ಲ. ಅರಮನೆಯಲ್ಲಿ ಯಾವ ಮಾತನ್ನು ನುಂಗಬೇಕು, ಯಾವುದನ್ನು ವಕ್ರವಾಗಿ ಆಡಬೇಕು ಎಂಬ ಲೆಕ್ಕಾಚಾರವು ಅದರಲ್ಲಿ ಅಡಗಿದೆ.

1960ರಲ್ಲಿ ‘ರಣಧೀರ ಕಂಠೀರವ’ ಎಂಬ ಚಲನಚಿತ್ರವು ಹೊರಬಂದಿತು. ನಿರ್ಮಿಸಿದವರು ರಾಜಕುಮಾರ್, ಜಿ. ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಎಂಬ ನಾಲ್ವರು ಕಲಾವಿದರು. ನಾಲ್ವರೂ ಗುಬ್ಬಿ ಮಂಡಳಿಯ ಗರಡಿಯಲ್ಲಿ ಪಳಗಿದವರು. ಕನ್ನಡ ಚಿತ್ರೋದ್ಯಮವು ಬಡವಾಗಿದ್ದ ದಿನಗಳಲ್ಲಿ ನಟರೇ ಒಂದುಗೂಡಿ ಇಂತಹ ವಸ್ತುವನ್ನು ಕೈಗೊಂಡುದು ಪ್ರಶಂಸನೀಯವಾದ ಸಾಹಸ. ರಾಜಕುಮಾರರ ವಾಣಿಯೂ ಗಾಂಭೀರ್ಯವೂ ಅದಕ್ಕೆ ಶಾಶ್ವತವಾದ ಸ್ಥಾನವನ್ನು ಗಳಿಸಿಕೊಟ್ಟಿವೆ. ಆದರೂ ನಾಟಕದಿಂದ ಚಿತ್ರಕ್ಕೆ ಬಂದವರಿಗೆ ಕೊರತೆಯೊಂದು ಕಾಣದಿರದು. ಚಿತ್ರದ ಕಂಠೀರವನು ಮೊದಲಿನಿಂದಲೂ ರಣಧೀರನೇ. ಜಟ್ಟಿಯನ್ನು ಗೆದ್ದ ಭುಜಬಲವೇ ರಾಜ್ಯವನ್ನೂ ಗೆಲ್ಲುವುದೆಂಬ ಭರವಸೆಯು ಪ್ರೇಕ್ಷಕನಿಗೆ ಆದಿಯಲ್ಲಿಯೇ ದೊರೆಯುತ್ತದೆ. ಹೀಗಾಗಿ ಅರಮನೆಯೊಳಗೆ ಒಂಟಿಯಾಗಿ ನಿಂತು, ಯಾರನ್ನು ನಂಬಬೇಕೆಂದು ತಿಳಿಯದೆ, ತನ್ನ ಬಲವನ್ನು ಬಚ್ಚಿಟ್ಟುಕೊಂಡು ದಿನಗಳನ್ನು ಎಣಿಸಿದ ಅರಸನು ಮರೆಯಾಗುತ್ತಾನೆ. ನಟನಲ್ಲಿ ಶಕ್ತಿಯಿದ್ದಿತು, ಅದಕ್ಕೆ ತಕ್ಕ ಸಂಕಟವನ್ನು ಬರವಣಿಗೆಯು ಒದಗಿಸಲಿಲ್ಲ.

ಇದಕ್ಕಿಂತ ಗಂಭೀರವಾದ ಉದಾಹರಣೆಯು ಕಿತ್ತೂರಿನ ರಾಣಿ ಚೆನ್ನಮ್ಮನದು. ಇತಿಹಾಸವನ್ನು ಸಂಗ್ರಹವಾಗಿ ಸ್ಮರಿಸಬಹುದು. ಮಲ್ಲಸರ್ಜನು 1816ರಲ್ಲಿ ಗತಿಸಿದ ತರುವಾಯ ಹಿರಿಯ ರಾಣಿಯ ಮಗನಾದ ಶಿವಲಿಂಗರುದ್ರಸರ್ಜನು ದೇಸಾಯಿಯಾದನು. 1818ರಲ್ಲಿ ಪೇಶ್ವೆಯ ವಿರುದ್ಧ ನಡೆದ ಯುದ್ಧದಲ್ಲಿ ಕಿತ್ತೂರು ಕುಂಪಣಿಯ ಪಕ್ಷಕ್ಕೆ ನೆರವಾಗಿದ್ದಿತು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ಮೃತನಾದನು. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಸಂಶಯಿಸಿ, ಭಂಡಾರಕ್ಕೆ ಮುದ್ರೆಯೊತ್ತಿಸಿ, ಸಂಸ್ಥಾನದ ವ್ಯವಹಾರವನ್ನು ತನ್ನ ಹತೋಟಿಗೆ ತೆಗೆದುಕೊಳ್ಳಲು ಹೊರಟನು. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಅವನು ಹತನಾದನು. ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆಯು ಬಿದ್ದಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ತೀರಿಕೊಂಡಳು.

ಇದರಲ್ಲಿ ಗಂಟು ಎಲ್ಲಿದೆ? ವಿವಾದದ ಮೂಲವು ಕಪ್ಪವಲ್ಲ, ದತ್ತಕ. ತನ್ನ ಹೊಟ್ಟೆಯಲ್ಲಿ ಹುಟ್ಟದ ಮಗನು ಸತ್ತ ಮನೆಯಲ್ಲಿ, ಅವನ ಎಳೆಯ ವಿಧವೆಯನ್ನೂ ದತ್ತುಬಾಲಕನನ್ನೂ ಮುಂದಿಟ್ಟುಕೊಂಡು, ಸ್ವತಃ ವಿಧವೆಯಾದ ಹೆಂಗಸೊಬ್ಬಳು ಶಾಸ್ತ್ರಸಮ್ಮತವಾದ ಹಕ್ಕೊಂದನ್ನು ಸಮರ್ಥಿಸಬೇಕಾಗಿ ಬಂದಿತು. ಎದುರಾಳಿಯು ಆರು ವರ್ಷಗಳ ಹಿಂದೆ ಈ ಮನೆತನದ ನೆರವನ್ನು ಪಡೆದ ಅದೇ ಕುಂಪಣಿ. ಮೊದಲು ಕಾಗದಪತ್ರ, ವಿಜ್ಞಾಪನೆ. ಅದು ಸಾಗದಾಗ ಕತ್ತಿ. ಕಾಳಗದಲ್ಲಿ ಗೆದ್ದ ಮೇಲೂ ಸಮಸ್ಯೆಯು ಬಗೆಹರಿಯಲಿಲ್ಲ. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳು ಕೋಟೆಯಲ್ಲಿ ಸೆರೆಯಾಗಿದ್ದರು. ಅವರನ್ನು ಹಿಡಿದಿಟ್ಟುಕೊಂಡರೆ ಕೈಯಲ್ಲೊಂದು ಆಯುಧವಿದ್ದಂತೆ. ಬಿಟ್ಟುಕೊಟ್ಟರೆ ಸಂಧಾನಕ್ಕೆ ದಾರಿಯಾಗಬಹುದು, ಮೋಸವೂ ಆಗಬಹುದು. ಅವರನ್ನು ಬಿಡುಗಡೆ ಮಾಡಲಾಯಿತು, ಕೋಟೆಯು ಉಳಿಯಲಿಲ್ಲ. ಆ ಸೆರೆಯಾಳು ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿ, ಈ ದೇಶದ ಪ್ರಾಚೀನ ರಾಜವಂಶಗಳ ಚರಿತ್ರೆಯನ್ನು ವಿದ್ವಾಂಸರಿಗೆ ತೆರೆದು ತೋರಿಸಿದವನು. ನಾಡಿನ ಸ್ವಾತಂತ್ರ್ಯಕ್ಕಾಗಿ ಕಾದ ರಾಣಿಯೂ ಅದೇ ನಾಡಿನ ಶಿಲಾಲಿಪಿಗಳನ್ನು ಮುಂದೆ ಓದಿಸಲಿದ್ದ ತರುಣ ಶತ್ರುವೂ ಒಂದೇ ಕೋಟೆಯೊಳಗೆ ಇದ್ದ ಆ ವಾರಗಳಿಗಿಂತ ಮಿಗಿಲಾದ ರೂಪಕಸಾಮಗ್ರಿಯು ಯಾವ ಕವಿಗೆ ತಾನೆ ದೊರೆತೀತು?

ಜನಪ್ರಿಯ ನಿರೂಪಣೆಗಳಲ್ಲಿ ಈ ಸಾಮಗ್ರಿಗೆ ತಕ್ಕ ಸ್ಥಾನವು ದೊರೆತಿಲ್ಲ. ಶಾಲೆಗಳ ವಾರ್ಷಿಕೋತ್ಸವದ ವೇದಿಕೆಯಿಂದ ಮೊದಲುಗೊಂಡು ಎಲ್ಲೆಲ್ಲಿಯೂ ಚೆನ್ನಮ್ಮನೆಂದರೆ ಕಪ್ಪವನ್ನು ನಿರಾಕರಿಸಿ ಆಡುವ ಒಂದು ದೀರ್ಘವಾದ ಮಾತು ಎಂಬಂತಾಗಿದೆ. ಬಿ. ಆರ್. ಪಂತುಲು ಅವರು 1959ರಲ್ಲಿ ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಚಿತ್ರವನ್ನೂ 1961ರಲ್ಲಿ ಕನ್ನಡದಲ್ಲಿ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನೂ ನಿರ್ದೇಶಿಸಿದರು. ಕಟ್ಟಬೊಮ್ಮನಿಗೂ ಕುಂಪಣಿಯ ಕಲೆಕ್ಟರ್ ಜಾಕ್ಸನ್ನನಿಗೂ ನಡೆದ ವಿವಾದವು ನಿಜವಾಗಿಯೂ ಕಪ್ಪದ ಬಾಕಿಯನ್ನು ಕುರಿತದ್ದು; ಶಿವಾಜಿ ಗಣೇಶನ್ನರ ಬಾಯಲ್ಲಿ ಆ ಮಾತು ಸನ್ನಿವೇಶದಿಂದಲೇ ಹುಟ್ಟುತ್ತದೆ. ಅದೇ ಅಚ್ಚಿನ ಮಾತು ಚೆನ್ನಮ್ಮನಿಗೆ ಒದಗಿದಾಗ ಕೇಳಲು ಹುರುಪು ಕೊಟ್ಟರೂ ಔಚಿತ್ಯವು ಕೆಡುತ್ತದೆ. ಔಚಿತ್ಯವೇ ರಸದ ಜೀವಿತವೆಂದ ಕ್ಷೇಮೇಂದ್ರನ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿರದು. ಬಿ. ಸರೋಜಾದೇವಿಯವರ ಅಭಿನಯವು ಇಂದಿಗೂ ಜನಮನದಲ್ಲಿ ನಿಂತಿದೆ. ಆದರೆ ಯಾವ ವೀರನ ಬಾಯಲ್ಲಾದರೂ ಸಲ್ಲುವ ಮಾತಿನಿಂದ ಚೆನ್ನಮ್ಮನೊಬ್ಬಳ ಬಾಳು ತಿಳಿಯುವುದೆಂತು? ದತ್ತಕದ ವಿಷಯವು ಹಿಂದೆ ಸರಿದೊಡನೆ ಅವಳ ವೈಧವ್ಯವೂ ಮಾತೃತ್ವವೂ ರಾಜನೀತಿಯೂ ಹಿಂದೆ ಸರಿದುವು. ಮಲ್ಲಪ್ಪಶೆಟ್ಟಿ, ವೆಂಕಟರಾಯರಿಗೂ ಇದೇ ಗತಿಯಾಯಿತು. ಸಂಸ್ಥಾನದ ವ್ಯವಹಾರವನ್ನು ಬಲ್ಲ ಅಧಿಕಾರಿಗಳು ಅನ್ಯಪಕ್ಷಕ್ಕೆ ವಾಲುವುದು ಒಂದು ದಿನದ ಮಾತಲ್ಲ. ಭಯ, ಲೋಭ, ಮುಂದೇನು ಗತಿಯೆಂಬ ಲೆಕ್ಕಾಚಾರ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಅವರನ್ನು ಹುಟ್ಟುದ್ರೋಹಿಗಳನ್ನಾಗಿ ಮಾಡಿದರೆ, ಅವರನ್ನು ಬಹುಕಾಲ ನಂಬಿದ ಮನೆತನವೇ ಅವಿವೇಕಿಯೆನಿಸಿಕೊಳ್ಳುವುದೆಂಬುದನ್ನು ಲೇಖಕರು ಯೋಚಿಸಿದಂತಿಲ್ಲ.

ಎರಡು ಮೂರು ಗಂಟೆಗಳ ಚಿತ್ರದಲ್ಲಿ ಇಷ್ಟನ್ನೆಲ್ಲ ಅಡಕಗೊಳಿಸುವುದು ಹೇಗೆಂದು ಕೇಳಬಹುದು. ಆ ಸಮಾಧಾನವು ದೂರದರ್ಶನ ಧಾರಾವಾಹಿಗೆ ಸಲ್ಲದು. ಅಲ್ಲಿ ಕಾಲಕ್ಕೆ ಕೊರತೆಯಿಲ್ಲ. ಭಗವಾನ್ ಗಿದ್ವಾನಿಯವರು 1976ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿಯನ್ನು ಆಧರಿಸಿ ಹಿಂದಿಯಲ್ಲಿ ನಿರ್ಮಿತವಾದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯು 1990ರಲ್ಲಿ ದೂರದರ್ಶನದಲ್ಲಿ ಆರಂಭವಾಗಿ ಹಲವು ತಿಂಗಳುಗಳ ಕಾಲ ನಡೆಯಿತು. ಅದರ ಚಿತ್ರೀಕರಣದ ಕಾಲದಲ್ಲಿ, 1989ರ ಫೆಬ್ರವರಿ 8ರಂದು, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು ಹಲವು ಮಂದಿ ಪ್ರಾಣ ಕಳೆದುಕೊಂಡರು. ನಾಯಕನೂ ನಿರ್ದೇಶಕರೂ ಆಗಿದ್ದ ಸಂಜಯ್ ಖಾನ್ ತೀವ್ರವಾದ ಸುಟ್ಟಗಾಯಗಳಿಂದ ಬದುಕಿ ಬಂದು ಕೆಲಸವನ್ನು ಪೂರೈಸಿದರು. ಇಷ್ಟು ಬೆಲೆ ತೆತ್ತ ಕೃತಿಯನ್ನು ಹಗುರವಾಗಿ ನೋಡುವುದು ನ್ಯಾಯವಲ್ಲ. ಹೈದರನ ಪಾತ್ರದಲ್ಲಿ ಶಾಹಬಾಜ್ ಖಾನರು ತೋರಿದ ಗಡಸುತನವು ಮೆಚ್ಚತಕ್ಕದ್ದೇ.

ಹೀಗಿದ್ದರೂ ನಾಯಕನ ಚಿತ್ರಣದಲ್ಲಿ ಮೂಲಕಾದಂಬರಿಯ ದೋಷವೇ ಬೆಳೆಯಿತು. ಚರಿತ್ರೆಯ ಟಿಪ್ಪುವು ಬಹಳ ತೊಡಕಿನ ವ್ಯಕ್ತಿ. 1791ರಲ್ಲಿ ಮರಾಠಾ ದಂಡಿನಿಂದ ಲೂಟಿಗೆ ಒಳಗಾದ ಶೃಂಗೇರಿ ಮಠಕ್ಕೆ ವಿನಯಪೂರ್ವಕವಾಗಿ ಪತ್ರಗಳನ್ನು ಬರೆಸಿ ನೆರವಿತ್ತವನೂ ಅವನೇ. ಕೊಡಗಿನ ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದವನೂ ಅವನೇ. ಅವನನ್ನು ಹೊಗಳುವವರು ಒಂದನ್ನೂ ತೆಗಳುವವರು ಮತ್ತೊಂದನ್ನೂ ಮುಂದಿಡುತ್ತಾರೆ. ರೂಪಕಕಾರನ ಕೆಲಸವು ಈ ಎರಡೂ ಒಬ್ಬನೇ ಮನುಷ್ಯನಲ್ಲಿ ಹೇಗಿದ್ದುವೆಂದು ತೋರಿಸುವುದು. ನಿರ್ದೋಷಿಯಾದ ನಾಯಕನು ಕಂತಿನಿಂದ ಕಂತಿಗೆ ಸಾಗುತ್ತಾನೆ, ಬೆಳೆಯುವುದಿಲ್ಲ. ಏಕೆಂದರೆ ಬೆಳೆಯಬೇಕಾದ ಕೊರತೆಯೇ ಅವನಿಗಿಲ್ಲ.

ಪೂರ್ಣಯ್ಯನಿಗಾದ ಅನ್ಯಾಯವು ಇನ್ನೂ ದೊಡ್ಡದು. 1782ರ ಡಿಸೆಂಬರಿನಲ್ಲಿ ಹೈದರನು ದಂಡಿನ ಬಿಡಾರದಲ್ಲಿ ಮರಣಹೊಂದಿದಾಗ, ಟಿಪ್ಪುವು ದೂರದ ಮಲೆಯಾಳದಿಂದ ಬಂದು ಸೇರುವವರೆಗೆ ಆ ಸುದ್ದಿಯನ್ನು ಸೈನ್ಯಕ್ಕೆ ತಿಳಿಯದಂತೆ ಮುಚ್ಚಿಟ್ಟವರಲ್ಲಿ ಅವನು ಮುಖ್ಯನು. 1799ರ ಮೇ 4ರಂದು ಟಿಪ್ಪುವು ಕೋಟೆಯಲ್ಲಿ ಮಡಿದ ಕೆಲವೇ ವಾರಗಳಲ್ಲಿ ಗೆದ್ದವರ ವ್ಯವಸ್ಥೆಯಲ್ಲಿ ದಿವಾನನಾಗಿ, ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯನ ಹೆಸರಿನಲ್ಲಿ 1811ರವರೆಗೆ ರಾಜ್ಯವಾಳಿದವನೂ ಅವನೇ. ಇದು ಸ್ವಾಮಿನಿಷ್ಠೆಯೇ, ರಾಜ್ಯನಿಷ್ಠೆಯೇ, ಅಥವಾ ಉಳಿಯುವ ಕಲೆಯೇ? ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಅರಮನೆಯಲ್ಲಿ ಕಾವಲಿನ ನಡುವೆ ಕುಳಿತು, ಒಡೆಯರ ವಂಶದ ಪುನಃಪ್ರತಿಷ್ಠೆಗಾಗಿ ಆಂಗ್ಲರೊಡನೆ ದಶಕಗಳ ಕಾಲ ಗುಪ್ತವಾಗಿ ವ್ಯವಹರಿಸಿದ ಲಕ್ಷ್ಮಮ್ಮಣ್ಣಿಯೂ ಇದ್ದಳು. ಧಾರಾವಾಹಿಯು ಪೂರ್ಣಯ್ಯನನ್ನು ನಂಬಿಕಸ್ಥ ಸಚಿವನೆಂಬ ಒಂದೇ ಮುದ್ರೆಯೊಳಗೆ ಅಡಗಿಸಿತು. ಅಷ್ಟೊಂದು ಕಂತುಗಳ ಅವಕಾಶವಿದ್ದೂ ಈ ಪ್ರಶ್ನೆಗಳು ಕಥೆಯ ನಡುವಿಗೆ ಬರಲಿಲ್ಲ.

ಇದೇ ವಸ್ತುವನ್ನು ಗಿರೀಶ ಕಾರ್ನಾಡರು ಬಳಸಿದ ಕ್ರಮವನ್ನು ಇಲ್ಲಿ ಸ್ಮರಿಸುವುದು ಉಚಿತ. 1997ರಲ್ಲಿ ಬಿ. ಬಿ. ಸಿ. ಬಾನುಲಿಗಾಗಿ ರಚಿತವಾಗಿ ಅನಂತರ ಕನ್ನಡಕ್ಕೂ ಬಂದ ‘ಟಿಪ್ಪುವಿನ ಕನಸುಗಳು’ ಚಿಕ್ಕ ನಾಟಕ. ಟಿಪ್ಪುವು ಪಾರಸಿಯಲ್ಲಿ ಸ್ವಹಸ್ತದಿಂದ ಬರೆದು ಗುಟ್ಟಾಗಿ ಇಟ್ಟುಕೊಂಡಿದ್ದ ಕನಸುಗಳ ಪುಸ್ತಕವೇ ಅದಕ್ಕೆ ಆಧಾರ. ಆಸ್ಥಾನದ ಚರಿತ್ರಕಾರ ಕಿರ್ಮಾನಿಯೂ ಆಂಗ್ಲ ಸಂಶೋಧಕ ಮೆಕೆಂಜಿಯೂ ಕಥೆಯನ್ನು ನಡೆಸುವುದರಿಂದ ಎರಡು ಪಕ್ಷಗಳ ದೃಷ್ಟಿಯೂ ರಂಗದ ಮೇಲೆ ಇರುತ್ತದೆ. ಆನೆ ಕುದುರೆಗಳಿಲ್ಲ, ಆದರೆ 1792ರ ಒಪ್ಪಂದದಂತೆ ಎಳೆಯ ಮಕ್ಕಳಿಬ್ಬರನ್ನು ಒತ್ತೆಯಾಗಿ ಕಳುಹಿಸಬೇಕಾದ ತಂದೆಯು ಇದ್ದಾನೆ. ರಾಜ್ಯವೋ ಮಕ್ಕಳೋ ಎಂಬ ಗಂಟು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ವೆಚ್ಚವೂ ಅವಧಿಯೂ ಪಾತ್ರವನ್ನು ಕಟ್ಟುವುದಿಲ್ಲವೆಂಬುದಕ್ಕೆ ಈ ಎರಡು ಕೃತಿಗಳ ಹೋಲಿಕೆಯೇ ಸಾಕು.

ಇಲ್ಲಿ ಎರಡು ಆಕ್ಷೇಪಗಳು ಹುಟ್ಟಬಹುದು. ಸಾಮಾನ್ಯ ಪ್ರೇಕ್ಷಕನಿಗೆ ಇಂತಹ ಸೂಕ್ಷ್ಮವು ಬೇಡ, ಆವೇಶವೇ ಬೇಕು ಎಂಬುದು ಮೊದಲನೆಯದು. ದುರ್ಯೋಧನನಿಗೆ ತಲೆದೂಗುವ ಹಳ್ಳಿಯ ಸಭೆಯೇ ಇದಕ್ಕೆ ಉತ್ತರ. ಆ ಸಭೆಯು ಆವೇಶವನ್ನು ಬಯಸುವುದು ನಿಜ. ಎರಡೂ ಕಡೆಯ ಆವೇಶವನ್ನು ಬಯಸುತ್ತದೆ. ಪೂಜ್ಯರಾದ ಐತಿಹಾಸಿಕ ವ್ಯಕ್ತಿಗಳಿಗೆ ಸಂಶಯವನ್ನೂ ದೌರ್ಬಲ್ಯವನ್ನೂ ಆರೋಪಿಸಿದರೆ ಅವರ ಗೌರವಕ್ಕೆ ಕುಂದಲ್ಲವೇ ಎಂಬುದು ಎರಡನೆಯದು. ಇದು ಪ್ರಾಮಾಣಿಕವಾದ ಆಕ್ಷೇಪ; ಇದನ್ನು ತಳ್ಳಿಹಾಕಲಾಗದು. ಆದರೆ ಸಂಶಯವೇ ಇಲ್ಲದವನಿಗೆ ಧೈರ್ಯವೂ ಬೇಕಾಗಿಲ್ಲ. ಸೋಲಬಹುದೆಂದು ತಿಳಿದೂ ಸೆರೆಯಾಳುಗಳನ್ನು ಬಿಟ್ಟ ರಾಣಿಯ ಧೈರ್ಯವು, ಸೋಲೆಂಬುದನ್ನೇ ಅರಿಯದ ರಾಣಿಯ ಗರ್ಜನೆಗಿಂತ ಹೆಚ್ಚಿನ ಗೌರವಕ್ಕೆ ಪಾತ್ರವಾದುದು.

ಹಾನಿಯು ರಸಿಕರಿಗೆ ಮಾತ್ರ ತಟ್ಟುವಂಥದಲ್ಲ. ಬಹುಸಂಖ್ಯಾತರಾದ ಜನರಿಗೆ ಚರಿತ್ರೆಯು ದೊರೆಯುವುದು ಗ್ರಂಥಗಳಿಂದಲ್ಲ, ಇಂತಹ ರೂಪಕಗಳಿಂದ. ತರಗತಿಯಲ್ಲಿ ಚೆನ್ನಮ್ಮನ ಪಾಠವನ್ನು ಹೇಳುವ ಉಪಾಧ್ಯಾಯರಿಗೆ ವಿದ್ಯಾರ್ಥಿಯು ಆ ಕಪ್ಪದ ಮಾತನ್ನು ಮೊದಲೇ ಕಂಠಪಾಠ ಮಾಡಿಕೊಂಡು ಬಂದಿರುವುದು ಅನುಭವವೇದ್ಯ. ಅದನ್ನು ಮರೆಸುವುದು ಸಾಧ್ಯವೂ ಅಲ್ಲ, ಬೇಕಾದುದೂ ಅಲ್ಲ. ಆ ಮಾತಿನ ಪಕ್ಕದಲ್ಲಿ ದತ್ತಕದ ವ್ಯಾಜ್ಯದ ಸಂಗತಿಯನ್ನಿಟ್ಟು, ಇವೆರಡರಲ್ಲಿ ಯಾವುದು ಕಷ್ಟವಾದ ಹೋರಾಟವೆಂದು ಕೇಳಬಹುದು. ಸಂಸರ ನಾಟಕದ ಪಕ್ಕದಲ್ಲಿ ಚಿತ್ರವನ್ನಿಟ್ಟು ದಳವಾಯಿ ಎಲ್ಲಿ ದೊಡ್ಡವನೆಂದು ವಿಚಾರಿಸಬಹುದು. ಕಿತ್ತೂರಿನ ಕಾಗದಪತ್ರಗಳು, ಶೃಂಗೇರಿಯ ಪತ್ರಗಳು, ಮೈಸೂರಿನ ಬಖೈರುಗಳು ಸುಲಭವಾದ ಕನ್ನಡದಲ್ಲಿ ಲೇಖಕರ ಕೈಗೆಟುಕುವಂತೆ ಮಾಡುವುದು ವಿದ್ವಾಂಸರ ಹೊಣೆ. ಪೂರ್ಣಯ್ಯನೂ ಲಕ್ಷ್ಮಮ್ಮಣ್ಣಿಯೂ ಇಂದಿಗೂ ತಮಗೆ ತಕ್ಕ ನಾಟಕಕಾರನನ್ನು ಕಾದಿದ್ದಾರೆ.